ಬೇಲಿಯೊಳಗಿನ ಲೀಟರು, ಬೇಲಿಯಾಚೆಯ ನೀರು: ಸ್ವಯಂಪ್ರೇರಿತ ನೀರಿನ ಮಾನದಂಡ ಅಳವಡಿಸುವ ಬಗೆ

ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ ಬೇಕು, ಬೋರ್‌ವೆಲ್‌ಗೆ ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ಇವು ಕಾನೂನು, ಇಷ್ಟವಿರಲಿ ಬಿಡಲಿ ಪಾಲಿಸಲೇಬೇಕು. ಸ್ವಯಂಪ್ರೇರಿತ ಮಾನದಂಡ ಶುರುವಾಗುವುದು ಇದರಾಚೆಗೆ. ಯಾರೂ ಬಲವಂತ ಮಾಡುವುದಿಲ್ಲ. ಆದರೆ ಒಮ್ಮೆ ಒಪ್ಪಿಕೊಂಡರೆ ಹೊರಗಿನ ಆಡಿಟರ್ ಬಂದು ಪ್ರತಿಯೊಂದು ಮಾತಿಗೂ ಪುರಾವೆ ಕೇಳುತ್ತಾರೆ. ಹಾಗಾಗಿ ಮೊದಲು ಕಡತ ತೆಗೆದು ಮೂರು ವಿಷಯ ನೋಡಿಕೊಳ್ಳಿ: ಸಮ್ಮತಿಪತ್ರದ ಅವಧಿ ಮುಗಿದಿದೆಯೇ, ಪ್ರತಿ ಬೋರ್‌ವೆಲ್‌ಗೂ ಅನುಮತಿ ಇದೆಯೇ, ಅದರಲ್ಲಿ ಬರೆದಿರುವ ದಿನದ ಮಿತಿ ಎಷ್ಟು. ಅನುಮತಿ 80 ಕೆಎಲ್‌ಡಿಗೆ, ಅಂದರೆ ದಿನಕ್ಕೆ 80 ಸಾವಿರ ಲೀಟರಿಗೆ ಇದ್ದು, ಎತ್ತುತ್ತಿರುವುದು 110 ಆಗಿದ್ದರೆ ಪ್ರಮಾಣಪತ್ರದ ಮಾತು ಆಮೇಲೆ. ಅದನ್ನು ಸರಿಪಡಿಸದೆ ಮುಂದೆ ಹೋದವರು ಮೊದಲ ದಿನವೇ ಸಿಕ್ಕಿಬೀಳುತ್ತಾರೆ.

ಯಾವುದನ್ನು ಆರಿಸಿಕೊಳ್ಳುವುದು

ಮಾನದಂಡಗಳ ಹೆಸರು ಹತ್ತಾರಿವೆ. ಒಂದೊಂದೂ ಅಳೆಯುವುದು ಒಂದೊಂದನ್ನು ಎಂಬುದು ತಿಳಿದರೆ ಆಯ್ಕೆ ಸುಲಭ.

ಅಲೈಯನ್ಸ್ ಫಾರ್ ವಾಟರ್ ಸ್ಟುವರ್ಡ್‌ಶಿಪ್, ಚಿಕ್ಕದಾಗಿ ಎಡಬ್ಲ್ಯುಎಸ್, ಎಂಬ ಜಾಗತಿಕ ಒಕ್ಕೂಟದ ಮಾನದಂಡ ನಿಮ್ಮ ಜಾಗವನ್ನೂ ಅದು ಕೂತಿರುವ ಜಲಾನಯನವನ್ನೂ, ಅಂದರೆ ಮಳೆನೀರು ಒಂದೇ ಹಳ್ಳಕ್ಕೋ ನದಿಗೋ ಹರಿದು ಸೇರುವ ಪ್ರದೇಶವನ್ನೂ, ಒಟ್ಟಿಗೆ ನೋಡುತ್ತದೆ. ಇದರ ಮೊದಲ ಆವೃತ್ತಿ 2014ರಲ್ಲಿ, ಎರಡನೆಯದು 2019ರಲ್ಲಿ ಬಂತು. ಜವಳಿ, ಔಷಧ, ಆಹಾರ, ಕಾಗದ, ಹೋಟೆಲ್, ತೋಟ ಯಾವುದಕ್ಕಾದರೂ ಇದು ಹೊಂದುತ್ತದೆ. 2019ರಲ್ಲಿ ಕೊಯಮತ್ತೂರಿನ ಕಡೆಯ ಐಟಿಸಿ ಕಾಗದ ಘಟಕ ಭಾರತದಲ್ಲೇ ಮೊದಲು ಇದರ ಪ್ಲಾಟಿನಂ ದರ್ಜೆ ಪಡೆಯಿತು. ಅದೇ ಕಂಪನಿಯ ಮಾಲೂರಿನ ಆಹಾರ ಘಟಕಕ್ಕೂ ಆಮೇಲೆ ಆ ದರ್ಜೆ ಸಿಕ್ಕಿತು.

ಐಎಸ್‌ಒ 46001:2019 ಸಂಸ್ಥೆಯೊಳಗಿನ ನೀರಿನ ದಕ್ಷತೆಯ ನಿರ್ವಹಣಾ ಪದ್ಧತಿ. ಈಗಾಗಲೇ ಐಎಸ್‌ಒ 14001 ಎಂಬ ಪರಿಸರ ನಿರ್ವಹಣಾ ಪದ್ಧತಿ ಇರುವ ಕಡೆ ಇದನ್ನು ಸೇರಿಸಿಕೊಳ್ಳುವುದು ಸಲೀಸು, ಏಕೆಂದರೆ ದಾಖಲೆಗಳ ಚೌಕಟ್ಟು ಒಂದೇ. ಐಎಸ್‌ಒ 14046:2014 ಇವೆರಡರಿಂದಲೂ ಬೇರೆ. ಅದು ಒಂದು ಉತ್ಪನ್ನದ ಅಥವಾ ಸಂಸ್ಥೆಯ ನೀರಿನ ಹೆಜ್ಜೆಗುರುತನ್ನು ಲೆಕ್ಕ ಹಾಕುವ ವಿಧಾನ, ಅಷ್ಟೇ. ಲೆಕ್ಕ ಹಾಕಿದ ಮಾತ್ರಕ್ಕೆ ನೀವು ನೀರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ ಎಂದು ಅದು ಹೇಳುವುದಿಲ್ಲ. ಕೃಷಿಯಲ್ಲಿ ಗ್ಲೋಬಲ್‌ಗ್ಯಾಪ್ ಎಂಬ ಬೇಸಾಯದ ಮಾನದಂಡದ ಜೊತೆ ಸೇರಿಸಿಕೊಳ್ಳುವ ಸ್ಪ್ರಿಂಗ್, ಕಾಫಿಗೆ ರೇನ್‌ಫಾರೆಸ್ಟ್ ಅಲೈಯನ್ಸ್, ಭತ್ತಕ್ಕೆ ಸಸ್ಟೇನಬಲ್ ರೈಸ್ ಪ್ಲಾಟ್‌ಫಾರ್ಮ್, ಹತ್ತಿಗೆ ಬೆಟರ್ ಕಾಟನ್ ಇವೆ. ಬಟ್ಟೆಗೆ ಬಣ್ಣ ಹಾಕುವ ಘಟಕಗಳಿಂದ ವಿದೇಶಿ ಬ್ರ್ಯಾಂಡ್‌ಗಳು ಕೇಳುವುದು ಹೆಚ್ಚಾಗಿ ಅಪಾಯಕಾರಿ ರಾಸಾಯನಿಕಗಳನ್ನು ತಡೆಯಲು ಹೊರಟ ಝಡ್‌ಡಿಎಚ್‌ಸಿ ಒಕ್ಕೂಟದ ತ್ಯಾಜ್ಯನೀರಿನ ಪರೀಕ್ಷಾ ವರದಿ. ಕಟ್ಟಡಗಳಿಗೆ ಐಜಿಬಿಸಿ ಮತ್ತು ‘ಗೃಹ’ (ಜಿಆರ್‌ಐಎಚ್‌ಎ) ಎಂಬ ಹಸಿರು ಕಟ್ಟಡ ಶ್ರೇಯಾಂಕಗಳೊಳಗೆ ನೀರಿನ ಅಂಕಗಳಿವೆ.

ದುಡ್ಡು ಖರ್ಚು ಮಾಡುವ ಮೊದಲು ಕೇಳುತ್ತಿರುವವರು ಯಾರು, ಏನು ಕೇಳುತ್ತಿದ್ದಾರೆ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ. ಗ್ರಾಹಕ ಕಂಪನಿ ಕೇಳಿದ್ದು ತ್ಯಾಜ್ಯನೀರಿನ ವರದಿ, ಮಾಡಿಸಿಕೊಂಡದ್ದು ಐಎಸ್‌ಒ 46001 ಎಂಬಂಥ ಎಡವಟ್ಟು ಅಪರೂಪವಲ್ಲ. ಯಾರೂ ಏನೂ ಕೇಳಿಲ್ಲ, ಬೋರ್‌ವೆಲ್ ಬತ್ತುತ್ತಿದೆ ಅಥವಾ ಪಕ್ಕದ ಊರಿನವರು ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದಾರೆ ಎನ್ನುವ ಪರಿಸ್ಥಿತಿಯಿದ್ದರೆ ಎಡಬ್ಲ್ಯುಎಸ್ ಹಿಡಿಯುವುದು ಲೇಸು. ಮುಂದೆ ಹೇಳುವುದು ಹೆಚ್ಚಾಗಿ ಅದರ ದಾರಿಯೇ. ಅದರ ಐದು ಹೆಜ್ಜೆಗಳು: ಮಾಹಿತಿ ಕಲೆಹಾಕಿ ಅರ್ಥಮಾಡಿಕೊಳ್ಳುವುದು, ಬದ್ಧತೆ ಮತ್ತು ಯೋಜನೆ, ಜಾರಿ, ಮೌಲ್ಯಮಾಪನ, ಬಹಿರಂಗಪಡಿಸುವುದು. ತಲುಪಬೇಕಾದ ಗುರಿಗಳೂ ಐದು: ನೀರಿನ ಒಳ್ಳೆಯ ಆಡಳಿತ, ಸಮತೋಲನದ ಬಳಕೆ, ಗುಣಮಟ್ಟ, ನೀರಿಗೆ ಸಂಬಂಧಿಸಿದ ಮುಖ್ಯ ತಾಣಗಳ ರಕ್ಷಣೆ, ಎಲ್ಲರಿಗೂ ಕುಡಿಯುವ ನೀರು ಮತ್ತು ಶೌಚಾಲಯ. ಅರ್ಜಿ ಹಾಕುವಾಗ ಯಾವ ಆವೃತ್ತಿ ಜಾರಿಯಲ್ಲಿದೆಯೋ ಅದನ್ನೇ ಇಟ್ಟುಕೊಳ್ಳಿ. ಸೂಚಕಗಳ ಕ್ರಮಸಂಖ್ಯೆ ಬದಲಾದರೂ ಕೆಳಗಿನ ಕೆಲಸ ತಪ್ಪುವುದಿಲ್ಲ. ಈ ಐದರಲ್ಲಿ ಮೊದಲ ಹೆಜ್ಜೆಗೇ ಅರ್ಧಕ್ಕಿಂತ ಹೆಚ್ಚು ಸಮಯ ಕೊಡಿ. ಸೋಲುವವರು ಬಹುಮಟ್ಟಿಗೆ ಸೋಲುವುದು ಅಲ್ಲೇ.

ಗಡಿ ಗುರುತಿಸುವುದು

ನಿಮ್ಮ ಜಲಾನಯನ ಯಾವುದು ಎಂದು ಕೇಳಿದರೆ ಕೆಲವರು ಕಾಂಪೌಂಡ್ ತೋರಿಸುತ್ತಾರೆ, ಕೆಲವರು ತಾಲ್ಲೂಕಿನ ನಕ್ಷೆ ಅಂಟಿಸುತ್ತಾರೆ. ಎರಡೂ ತಪ್ಪು. ಕೇಳಬೇಕಾದ್ದು ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು. ಈ ಎರಡಕ್ಕೂ ಬೇರೆ ಬೇರೆ ಗಡಿ ಬರಬಹುದು.

ಬೆಂಗಳೂರನ್ನೇ ತೆಗೆದುಕೊಳ್ಳಿ. ಊರು ದಿಣ್ಣೆಯ ಮೇಲಿದೆ. ಪೀಣ್ಯದ ಘಟಕದ ನಲ್ಲಿಯಲ್ಲಿ ಬರುವುದು ತೊರೆಕಾಡನಹಳ್ಳಿಯಿಂದ ಮೇಲಕ್ಕೆತ್ತಿದ ಕಾವೇರಿ. ಅದೇ ಘಟಕದ ಚರಂಡಿ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಮತ್ತೆ ಕಾವೇರಿಗೆ ಸೇರುತ್ತದೆ. ವೈಟ್‌ಫೀಲ್ಡಿನ ಕಟ್ಟಡಕ್ಕೂ ಬರುವುದು ಕಾವೇರಿಯೇ. ಹೊರಗೆ ಹೋಗುವುದು ಮಾತ್ರ ದಕ್ಷಿಣ ಪಿನಾಕಿನಿಯ ಕಡೆಗೆ, ಹೊಸೂರಿನ ಕೆಲವರಪಲ್ಲಿ ಜಲಾಶಯದ ದಾರಿಯಲ್ಲಿ ತಮಿಳುನಾಡಿಗೆ. ಆ ಕಟ್ಟಡದವರು ಬರೀ ಕಾವೇರಿಯ ನಕ್ಷೆ ಇಟ್ಟುಕೊಂಡರೆ ಅವರ ಕೊಳಚೆ ಸೇರುವ ನದಿಯೇ ಕಡತದಲ್ಲಿ ಇರುವುದಿಲ್ಲ.

ಮಾಡುವ ಕ್ರಮ ಹೀಗೆ. ಸರ್ವೆ ಆಫ್ ಇಂಡಿಯಾದ 1:50,000 ಭೂನಕ್ಷೆಯಲ್ಲಿ ನಿಮ್ಮ ಜಾಗ ಗುರುತಿಸಿ. ಎತ್ತರದ ಗೆರೆಗಳನ್ನು ನೋಡಿಕೊಂಡು ದಿಣ್ಣೆಯ ಸಾಲನ್ನು ಪೆನ್ಸಿಲ್ಲಿನಲ್ಲಿ ಎಳೆಯಿರಿ. ಮಳೆ ಬಿದ್ದರೆ ನಿಮ್ಮ ಕಡೆಗೆ ಹರಿಯುವುದು ಒಳಗೆ, ಆಚೆ ಹರಿಯುವುದು ಹೊರಗೆ. ಕೆರೆ, ರಾಜಕಾಲುವೆ, ಸರ್ವೆ ನಂಬರುಗಳಿಗೆ ಕರ್ನಾಟಕ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ಆಮೇಲೆ ನಕ್ಷೆ ಹಿಡಿದು ಕಾಲುವೆಯ ಗುಂಟ ನಡೆಯಿರಿ. ಕಾಗದದ ಮೇಲಿರುವ ಎಷ್ಟೋ ಕಾಲುವೆಗಳ ಮೇಲೆ ಇವತ್ತು ರಸ್ತೆ ಅಥವಾ ಬಡಾವಣೆ ಕೂತಿದೆ. ನೀರು ಈಗ ಹಿಡಿದಿರುವ ದಾರಿಯೇ ನಿಮ್ಮ ಗಡಿಗೆ ಬೇಕಾದ್ದು. ಬೋರ್‌ವೆಲ್ ಇದ್ದರೆ ಇನ್ನೊಂದು ತೊಡಕು: ನಮ್ಮ ಬಯಲುಸೀಮೆಯ ಗ್ರಾನೈಟ್, ನೈಸ್ ಬಂಡೆಯಲ್ಲಿ ನೀರು ಬಿರುಕು ಹಿಡಿದು ಹೋಗುತ್ತದೆ, ಮೇಲಿನ ದಿಣ್ಣೆಯನ್ನು ಅದು ಲೆಕ್ಕಕ್ಕಿಡಬೇಕೆಂದಿಲ್ಲ. ಕಿರು ಜಲಾನಯನವನ್ನು ಗಡಿಯಾಗಿಟ್ಟುಕೊಂಡು, ಹಾಗೆ ಮಾಡಿದ್ದು ಯಾಕೆ ಎಂದು ಎರಡು ಸಾಲು ಬರೆದಿಡಿ. ಆಡಿಟರ್ ನೋಡುವುದು ಕಾರಣವನ್ನು, ಗೆರೆಯ ಅಂದವನ್ನಲ್ಲ.

ಟ್ಯಾಂಕರ್ ನೀರನ್ನು ಮರೆಯಬೇಡಿ. ಯಾವ ಊರಿನ ಯಾವ ಬೋರ್‌ವೆಲ್ ಎಂದು ಸರಬರಾಜುದಾರರಿಂದ ಬರೆಸಿಕೊಳ್ಳಿ, ಒಮ್ಮೆಯಾದರೂ ಹೋಗಿ ನೋಡಿ. ಆ ಬೋರ್‌ವೆಲ್ ಹತ್ತು ಕಿಲೋಮೀಟರ್ ದೂರದ ಇನ್ನೊಂದು ಜಲಾನಯನದಲ್ಲಿದ್ದರೆ ಅದನ್ನೂ ನಕ್ಷೆಯಲ್ಲಿ ಹಾಕಲೇಬೇಕು. ನೀರು ಲಾರಿಯಲ್ಲಿ ಬಂದ ಮಾತ್ರಕ್ಕೆ ಅದರ ಹೊಣೆ ಟ್ಯಾಂಕರಿನವನ ಮೇಲೆ ಹೋಗುವುದಿಲ್ಲ.

ಮೀಟರು ಮತ್ತು ನೀರಿನ ಜಮಾಖರ್ಚು

ಪ್ರತಿ ಬೋರ್‌ವೆಲ್, ಟ್ಯಾಂಕರ್ ಇಳಿಸುವ ಜಾಗ, ಪೌರ ಸಂಪರ್ಕ, ಕೂಲಿಂಗ್ ಟವರಿಗೆ ತುಂಬುವ ಪೈಪು, ಬಾಯ್ಲರ್, ಆರ್‌ಒ ಶುದ್ಧೀಕರಣ ಯಂತ್ರದ ಒಳಹರಿವು ಮತ್ತು ಅದು ಹೊರಹಾಕುವ ಉಪ್ಪು ನೀರು (ರಿಜೆಕ್ಟ್), ಕ್ಯಾಂಟೀನ್, ಶೌಚಾಲಯ, ತೋಟ, ಎಸ್‌ಟಿಪಿ (ಶೌಚ, ಸ್ನಾನದ ಕೊಳಚೆ ಸಂಸ್ಕರಿಸುವ ಘಟಕ) ಮತ್ತು ಇಟಿಪಿಯಿಂದ (ಕಾರ್ಖಾನೆಯ ತ್ಯಾಜ್ಯನೀರು ಸಂಸ್ಕರಿಸುವ ಘಟಕ) ಹೊರಬರುವ ಪೈಪು, ಇಷ್ಟಕ್ಕೂ ಮೀಟರ್ ಬೇಕು. ಹಣ ಕಡಿಮೆಯಿದ್ದರೆ ಮೊದಲು ಒಳಬರುವ ಎಲ್ಲ ದಾರಿ, ಆಮೇಲೆ ಹೊರಹೋಗುವ ದಾರಿ, ಕೊನೆಗೆ ಒಳಗಿನವು.

ಮೀಟರ್ ಸುಳ್ಳು ಹೇಳುವುದು ಹೆಚ್ಚಾಗಿ ಅದನ್ನು ಕೂರಿಸಿದ ರೀತಿಯಿಂದ. ಮೀಟರಿಗೆ ಮುಂಚೆ ಪೈಪಿನ ವ್ಯಾಸದ ಹತ್ತು ಪಟ್ಟು, ಆಮೇಲೆ ಐದು ಪಟ್ಟು ಉದ್ದ ನೇರ ಪೈಪಿರಲಿ. ಎರಡು ಇಂಚಿನ ಪೈಪಿಗೆ ಇದು ಮುಂಚೆ ಅರ್ಧ ಮೀಟರ್, ಆಮೇಲೆ ಕಾಲು ಮೀಟರ್ ಉದ್ದ. ಪಂಪಿಗೆ ಅಂಟಿಕೊಂಡ ಬೆಂಡಿನ ಪಕ್ಕದಲ್ಲೇ ಮೀಟರ್ ಕೂರಿಸಿದರೆ ಸುಳಿಯಿಂದ ಲೆಕ್ಕ ಕೆಡುತ್ತದೆ. ಬೋರ್‌ವೆಲ್ ಶುರುವಾದ ಕೂಡಲೇ ಪೈಪಿನಲ್ಲಿದ್ದ ಗಾಳಿ ನುಗ್ಗಿ ಮೆಕ್ಯಾನಿಕಲ್ ಮೀಟರಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತದೆ. ಮೀಟರಿಗೆ ಮುಂಚೆ ಗಾಳಿ ಬಿಡುವ ವಾಲ್ವ್ ಹಾಕಿಸಿ. ಪೈಪು ಅರ್ಧ ತುಂಬಿ ಹರಿಯುವ ಕಡೆ ಸಾಮಾನ್ಯ ಮೀಟರು ಸರಿ ತೋರಿಸುವುದಿಲ್ಲ.

ಸರಿಯಿದೆಯೇ ಎಂದು ತಿಳಿಯಲು ಸಂಪ್ ಸಾಕು. 5 ಮೀಟರ್ ಉದ್ದ, 4 ಮೀಟರ್ ಅಗಲದ ಸಂಪಿನಲ್ಲಿ ನೀರು ಒಂದು ಸೆಂಟಿಮೀಟರ್ ಏರಿದರೆ 200 ಲೀಟರ್. ಹೊರಹೋಗುವ ವಾಲ್ವ್ ಮುಚ್ಚಿ, ಪಂಪ್ ಹತ್ತು ನಿಮಿಷ ಓಡಿಸಿ, ಏರಿಕೆಯನ್ನು ಮೀಟರಿನ ಅಂಕಿಯ ಜೊತೆ ಹೋಲಿಸಿ. ಇದೇ ಸಂಪು ಸೋರಿಕೆಯನ್ನೂ ಹಿಡಿದುಕೊಡುತ್ತದೆ. ಕೆಲಸವಿಲ್ಲದ ರಾತ್ರಿ ಒಳಬರುವ ವಾಲ್ವ್ ಮುಚ್ಚಿ ಮಟ್ಟ ಗುರುತು ಹಾಕಿ. ಬೆಳಿಗ್ಗೆ ಮೂರು ಸೆಂಟಿಮೀಟರ್ ಇಳಿದಿದ್ದರೆ 600 ಲೀಟರ್ ಎಲ್ಲಿಗೋ ಹೋಗಿದೆ.

ಮೀಟರ್ ಓದುವುದು ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಘಟಕದಲ್ಲಿ. ತಿಂಗಳ ಕೊನೆಗೆ ಜಮಾಖರ್ಚು ಮಾಡಿ: ಒಳಬಂದದ್ದು, ಹೊರಹೋದದ್ದು, ಆವಿಯಾಗಿ ಅಥವಾ ಉತ್ಪನ್ನದೊಳಗೆ ಸೇರಿ ಖರ್ಚಾದದ್ದು, ಸಂಪಿನಲ್ಲಿ ಉಳಿದದ್ದು. ಒಂದು ಮಾದರಿ ಲೆಕ್ಕ ಹಾಕೋಣ. ಬೋರ್‌ವೆಲ್‌ನಿಂದ 2,400 ಕಿಲೋಲೀಟರ್, ಟ್ಯಾಂಕರಿನಿಂದ 900, ಒಟ್ಟು 3,300. ಸಂಸ್ಕರಿಸಿ ಹೊರಬಿಟ್ಟದ್ದು 1,450, ಕೂಲಿಂಗ್ ಟವರಿನಲ್ಲಿ ಆವಿಯಾದದ್ದು 620, ಉತ್ಪನ್ನ ಮತ್ತು ಉಗಿಯಲ್ಲಿ ಹೋದದ್ದು 430, ಆರ್‌ಒ ರಿಜೆಕ್ಟ್ 350, ಒಟ್ಟು 2,850. ಸಂಪಿನ ಮಟ್ಟ ಬದಲಾಗಿಲ್ಲ. ಉಳಿದ 450 ಕಿಲೋಲೀಟರಿಗೆ ಲೆಕ್ಕವೇ ಇಲ್ಲ. ಅಂದರೆ ದಿನಕ್ಕೆ 15 ಸಾವಿರ ಲೀಟರ್, ಆರು ಸಾವಿರ ಲೀಟರಿನ ಎರಡೂವರೆ ಟ್ಯಾಂಕರ್. ದಿನಕ್ಕೆ ಐದು ಟ್ಯಾಂಕರ್ ಕೊಳ್ಳುತ್ತಿರುವ ಕಾರ್ಖಾನೆಯಲ್ಲಿ ಅದರ ಅರ್ಧದಷ್ಟು ಎಲ್ಲಿಗೆ ಹೋಯಿತೆಂದೇ ಗೊತ್ತಿಲ್ಲ ಎಂದಾಯಿತು. ಲೆಕ್ಕಕ್ಕೆ ಸಿಗದ ಪಾಲು ನೂರಕ್ಕೆ ಹತ್ತು ದಾಟಿದರೆ ಹೊಸ ಯಂತ್ರ ಕೊಳ್ಳುವ ಯೋಚನೆ ಬಿಟ್ಟು ಮೊದಲು ಅದನ್ನು ಹುಡುಕಿ.

ಹುಡುಕಬೇಕಾದ ಜಾಗಗಳು ಸಾಮಾನ್ಯವಾಗಿ ಇವೇ. ಬೆಂಕಿ ನಂದಿಸುವ ಪೈಪುಜಾಲದ ಒತ್ತಡ ಇಳಿಯದಂತೆ ಕಾಯುವ ಚಿಕ್ಕ ಪಂಪು, ಜಾಕಿ ಪಂಪು, ತಾನೇ ತಾನಾಗಿ ಗಂಟೆಗೆ ನಾಲ್ಕಾರು ಬಾರಿ ಓಡುತ್ತಿದ್ದರೆ ನೆಲದಡಿಯ ಪೈಪು ಸೋರುತ್ತಿದೆ, ಇಲ್ಲವೇ ಯಾರೋ ಹೈಡ್ರಂಟಿನಿಂದ ಅಂಗಳ ತೊಳೆಯುತ್ತಿದ್ದಾರೆ. ಕೂಲಿಂಗ್ ಟವರಿನ ಫ್ಲೋಟ್ ತೀರಾ ಮೇಲಿದ್ದರೆ ಪಂಪು ನಿಂತಾಗಲೆಲ್ಲ ಪೈಪಿನ ನೀರು ತೊಟ್ಟಿಗೆ ವಾಪಸ್ ಬಂದು ಓವರ್‌ಫ್ಲೋ ಪೈಪಿನಲ್ಲಿ ಹೋಗುತ್ತದೆ. ಹಗಲಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರಿನ ಗಡಸುತನ ತೆಗೆಯುವ ಸಾಫ್ಟನರ್ ತೊಳೆಯುವ ಸಮಯ ಹಿಂದೆಂದೋ ಕೂರಿಸಿದ್ದು ಹಾಗೇ ಇರುತ್ತದೆ. ಫ್ಲಶ್ ಟ್ಯಾಂಕುಗಳಲ್ಲಿ ಸ್ವಲ್ಪ ಬಣ್ಣ ಹಾಕಿ ಕಾಲು ಗಂಟೆ ಬಿಡಿ; ಬಣ್ಣ ಕಮೋಡಿಗೆ ಇಳಿದರೆ ವಾಷರ್ ಹೋಗಿದೆ.

ಬೋರ್‌ವೆಲ್‌ಗಳ ನೀರಿನ ಮಟ್ಟವನ್ನೂ ಅಳೆಯಬೇಕು. ಪಂಪು ನಿಲ್ಲಿಸಿ, ಮಟ್ಟ ಮೇಲೇರಿ ನಿಂತ ಮೇಲೆ ಮಟ್ಟ ಅಳೆಯುವ ಟೇಪು, ಡಿಪ್ ಮೀಟರ್, ಇಳಿಸಿ. ಓಡುತ್ತಿರುವಾಗ ಒಂದು ತಿಂಗಳು, ನಿಂತಿರುವಾಗ ಇನ್ನೊಂದು ತಿಂಗಳು ಅಳೆದರೆ ಆ ಪಟ್ಟಿ ಕಸ.

ಊರಿನವರನ್ನು ಕೇಳುವುದು

ಈ ಕೆಲಸವನ್ನು ಸಿಎಸ್‌ಆರ್ ವಿಭಾಗಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಶಾಮಿಯಾನ, ಸ್ವೀಟ್ ಬಾಕ್ಸ್, ಸಹಿ ಪುಸ್ತಕ, ಫೋಟೋ. ಆಡಿಟ್‌ಗೆ ಮುಂಚೆ ಸಾರ್ವಜನಿಕ ಪ್ರಕಟಣೆ ಇರುತ್ತದೆ, ಆಡಿಟರ್ ಊರಿನವರನ್ನು ನಿಮ್ಮನ್ನು ಬಿಟ್ಟು ಪ್ರತ್ಯೇಕವಾಗಿಯೂ ಮಾತಾಡಿಸುತ್ತಾರೆ. ಸ್ವೀಟ್ ತಿಂದವರು ಅಲ್ಲಿ ಇದ್ದದ್ದು ಇದ್ದಂತೆ ಹೇಳುತ್ತಾರೆ.

ಮೊದಲು ಮಾತಾಡಬೇಕಾದವರು ಗ್ರಾಮ ಪಂಚಾಯಿತಿಯ ವಾಟರ್‌ಮನ್, ಇರುವ ಕಡೆ ಕೆರೆಯ ನೀರಗಂಟಿ. ಯಾವ ಬೋರ್‌ವೆಲ್ ಯಾವ ತಿಂಗಳು ಕೈಕೊಡುತ್ತದೆ, ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಎಂಬುದು ಅವರ ಬಾಯಲ್ಲಿರುತ್ತದೆ. ಆಮೇಲೆ ನಿಮ್ಮ ಚರಂಡಿಯ ಕೆಳಗೆ ಜಮೀನಿರುವ ರೈತರು, ದನ ಮೇಯಿಸುವವರು, ಮೀನಿನ ಗುತ್ತಿಗೆದಾರರು, ಸ್ತ್ರೀಶಕ್ತಿ ಗುಂಪುಗಳು, ಅಕ್ಕಪಕ್ಕದ ಕಾರ್ಖಾನೆಗಳು. ಹೆಂಗಸರ ಸಭೆ ಬೇರೆಯೇ ಇರಲಿ. ಒಟ್ಟು ಸಭೆಯಲ್ಲಿ ನೀರು ಹೊರುವವರು ಹಿಂದಿನ ಸಾಲಿನಲ್ಲಿ ಕೂತು ಸುಮ್ಮನಿರುತ್ತಾರೆ. ‘ನಮ್ಮಿಂದ ಏನು ಬೇಕು’ ಎಂದು ಕೇಳಬೇಡಿ, ದೇವಸ್ಥಾನದ ಬಣ್ಣದಿಂದ ಹೈಮಾಸ್ಟ್ ದೀಪದವರೆಗೆ ಪಟ್ಟಿ ಬರುತ್ತದೆ. ‘ಹತ್ತು ವರ್ಷದ ಹಿಂದೆ ಎಷ್ಟು ಅಡಿಗೆ ನೀರು ಸಿಗುತ್ತಿತ್ತು, ಈಗ ಎಷ್ಟಕ್ಕೆ? ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ? ನಮ್ಮ ಕಡೆಯಿಂದ ಬರುವ ನೀರಿನಿಂದ ತೊಂದರೆ ಆಗಿದೆಯಾ?’ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ಅವರ ಮಾತಿನಲ್ಲೇ ನಡಾವಳಿಯಲ್ಲಿ ಬರೆಯಿರಿ.

ಕಲ್ಯಾಣಿ, ಹಳೆಯ ಸೇದುವ ಬಾವಿ, ಕೆರೆಯಂಗಳ, ಗೋಮಾಳದ ಹಳ್ಳ, ಇವೆಲ್ಲ ಮಾನದಂಡ ಹೇಳುವ ಮುಖ್ಯ ತಾಣಗಳೇ. ಪ್ರತಿಯೊಂದರ ಸ್ಥಿತಿಯನ್ನು ಒಂದು ಫೋಟೋ, ಒಂದು ದಿನಾಂಕ, ನಾಲ್ಕು ಸಾಲಿನ ಜೊತೆ ದಾಖಲಿಸಿ.

ಯೋಜನೆ: ಒಂದೊಂದು ಸಾಲಿಗೂ ಐದು ಖಾನೆ

‘ನೀರಿನ ಸಂರಕ್ಷಣೆಗೆ ಬದ್ಧರಾಗಿದ್ದೇವೆ’ ಎಂಬ ವಾಕ್ಯ ಗೋಡೆಗೆ ಸರಿ, ಯೋಜನೆಗೆ ಅಲ್ಲ. ಯೋಜನೆಯ ಪ್ರತಿ ಸಾಲಿನಲ್ಲೂ ಏನು, ಎಷ್ಟು, ಯಾರು, ಯಾವಾಗ, ಅಳೆಯುವುದು ಹೇಗೆ ಎಂಬ ಐದು ಇರಬೇಕು. ಜೊತೆಗೆ ಪ್ರತಿ ಸಾಲೂ ನೀವು ಕಂಡುಕೊಂಡ ಯಾವುದಾದರೂ ಸಮಸ್ಯೆಗೆ ತಗಲಿಕೊಂಡಿರಬೇಕು. ಊರಿನ ದೂರು ಫ್ಲೋರೈಡ್ ಬಗ್ಗೆ ಇದ್ದು, ನಿಮ್ಮ ಯೋಜನೆಯ ತುಂಬ ಗಿಡ ನೆಡುವುದೇ ಇದ್ದರೆ ಆಡಿಟರ್ ಹುಬ್ಬೇರಿಸುತ್ತಾರೆ.

ಗುರಿಯನ್ನು ಒಂದು ಟನ್ ಉತ್ಪನ್ನಕ್ಕೆ ಇಷ್ಟು ಲೀಟರು ಎಂದು ಮಾತ್ರ ಇಡುವ ಚಾಳಿ ಬಿಡಿ. ಉತ್ಪಾದನೆ ಒಂದೂವರೆ ಪಟ್ಟಾದರೆ ಟನ್ನಿನ ಲೆಕ್ಕ ಇಳಿದರೂ ಬೋರ್‌ವೆಲ್‌ನಿಂದ ಎತ್ತಿದ ಒಟ್ಟು ನೀರು ಏರಿರುತ್ತದೆ. ಅಂತರ್ಜಲಕ್ಕೆ ನಿಮ್ಮ ಟನ್ನು ಗೊತ್ತಿಲ್ಲ. ಎರಡೂ ಅಂಕಿ ಇಡಿ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ದಿನಕ್ಕೆ 100 ಘನಮೀಟರಿಗಿಂತ ಹೆಚ್ಚು ಅಂತರ್ಜಲ ಎತ್ತುವ ಕೈಗಾರಿಕೆಗಳಿಗೆ ನೀರಿನ ಆಡಿಟ್ ಕಡ್ಡಾಯ ಮಾಡಿ, ಮೂರು ವರ್ಷದಲ್ಲಿ ಬಳಕೆಯನ್ನು ಕನಿಷ್ಠ ಶೇ. 20 ತಗ್ಗಿಸಲು ಹೇಳಿತು. ಗುರಿ ಇಡುವಾಗ ಇದು ಒಳ್ಳೆಯ ಅಳತೆಗೋಲು.

ಯಾವುದು ಮೊದಲು

ಸೋರಿಕೆ ನಿಲ್ಲಿಸುವುದು ಮೊದಲು, ಆಮೇಲೆ ಉಗಿ ತಣಿದು ನೀರಾದ ಕಂಡೆನ್ಸೇಟನ್ನು ಬಾಯ್ಲರಿಗೆ ವಾಪಸ್ ತರುವುದು, ಕೂಲಿಂಗ್ ಟವರ್ ಸರಿಮಾಡುವುದು, ಮರುಬಳಕೆ, ಮಳೆನೀರು. ಈ ಕ್ರಮ ತಪ್ಪಿಸಿದರೆ ಸೋರುವ ನೀರಿಗೂ ಸೇರಿಸಿ ದೊಡ್ಡ ಸಂಸ್ಕರಣಾ ಘಟಕ ಕಟ್ಟಿಸಿದಂತಾಗುತ್ತದೆ.

ಕೂಲಿಂಗ್ ಟವರಿನ ಲೆಕ್ಕ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ಬಿಡಿಗಾಸು ಖರ್ಚಿಲ್ಲದೆ ನೀರು ಉಳಿಯುತ್ತದೆ. ಗಂಟೆಗೆ 100 ಘನಮೀಟರ್ ಸುತ್ತುವ, 5 ಡಿಗ್ರಿ ತಣಿಸುವ ಟವರಿನಲ್ಲಿ ಆವಿಯಾಗುವುದು ಸುಮಾರು 100 × 5 × 0.00153, ಅಂದರೆ ಗಂಟೆಗೆ 0.77 ಘನಮೀಟರ್. ಲವಣ ಮಿತಿಮೀರದಂತೆ ಹೊರಬಿಡುವ ನೀರು ಬ್ಲೋಡೌನ್. ಟವರಿನ ನೀರಿನಲ್ಲಿ ಲವಣ ತುಂಬುವ ನೀರಿನದಕ್ಕಿಂತ ಎಷ್ಟು ಪಟ್ಟಾಗಿದೆ ಎಂಬುದು ಸಾಂದ್ರತೆಯ ಸುತ್ತು; ಅದರಲ್ಲಿ ಒಂದು ಕಳೆದು, ಬಂದದ್ದರಿಂದ ಆವಿಯ ಪ್ರಮಾಣವನ್ನು ಭಾಗಿಸಿದರೆ ಬ್ಲೋಡೌನ್ ಸಿಗುತ್ತದೆ. ಸುತ್ತು 3 ಆದರೆ ದಿನಕ್ಕೆ 9.2 ಘನಮೀಟರ್, 5 ಆದರೆ 4.6. ಟವರಿನ ನೀರಿನ ಕಂಡಕ್ಟಿವಿಟಿಯನ್ನು (ವಿದ್ಯುತ್ ಹರಿಸುವ ಗುಣ, ಲವಣ ಹೆಚ್ಚಿದಂತೆ ಇದೂ ಹೆಚ್ಚುತ್ತದೆ) ತುಂಬುವ ನೀರಿನದರಿಂದ ಭಾಗಿಸಿದರೆ ಈಗಿನ ಸುತ್ತು ಗೊತ್ತಾಗುತ್ತದೆ. ಹಾಗೆಂದು ಕಣ್ಣುಮುಚ್ಚಿ ಏರಿಸಬೇಡಿ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಇರುತ್ತದೆ. ಸುತ್ತುವ ನೀರಿನಲ್ಲಿ ಅದು ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಕಲ್ಲಿನಂಥ ಪದರ ಕಟ್ಟಿ ಬಿಡಿಸಲು ಬಾರದು. ತುಂಬುವ ನೀರಿನಲ್ಲೇ 40 ಇದ್ದರೆ ನಿಮ್ಮ ಮಿತಿ 3.75 ಸುತ್ತು.

ಮಳೆನೀರಿನ ಬಗ್ಗೆ ಉತ್ಸಾಹ ಹೆಚ್ಚು, ಲೆಕ್ಕ ಕಡಿಮೆ. 5,000 ಚದರ ಮೀಟರ್ ಚಾವಣಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ, ಶೇ. 80 ಕೈಗೆ ಸಿಕ್ಕರೆ 3,200 ಕಿಲೋಲೀಟರ್. ಮೇಲಿನ ಮಾದರಿ ಕಾರ್ಖಾನೆಗೆ ಇದು ಒಂದು ತಿಂಗಳಿಗೂ ಸಾಲದು. ಅದೂ ಒಮ್ಮೆಗೇ ಬರುತ್ತದೆ: 50 ಕಿಲೋಲೀಟರಿನ ತೊಟ್ಟಿ ತುಂಬಲು ಹನ್ನೆರಡೂವರೆ ಮಿಲಿಮೀಟರ್ ಮಳೆ ಸಾಕು, ಉಳಿದದ್ದು ಇಂಗಬೇಕು. ಇಂಗುಬಾವಿಗೆ ಬಾವಿ ತೋಡುವ ಕಸುಬಿನ ಮಣ್ಣು ಒಡ್ಡರ ಕೈಯಲ್ಲಿ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಸಿಮೆಂಟ್ ರಿಂಗ್ ಬಾವಿ ತೋಡಿಸುವುದು ಬೆಂಗಳೂರಿನ ಸುತ್ತ ರೂಢಿ. ಚಾವಣಿಯ ಮೊದಲ ಎರಡು ಮಿಲಿಮೀಟರ್ ಮಳೆಯನ್ನು ಬೇರೆ ತಿರುಗಿಸಿ. ಎಣ್ಣೆ, ರಾಸಾಯನಿಕ ಬೀಳುವ ಅಂಗಳದ ನೀರನ್ನು ಯಾವ ಕಾರಣಕ್ಕೂ ಇಂಗಿಸಬೇಡಿ. ಮೇಲೆ ಹರಿದು ಹೋಗುವ ಕೊಳೆ ಒಂದು ಮಳೆಗಾಲಕ್ಕೆ ತೊಳೆದೀತು, ಬಂಡೆಯ ಬಿರುಕಿಗಿಳಿದದ್ದು ತೊಳೆಯುವುದಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಇಂಥದ್ದೇ ಅಜಾಗರೂಕತೆಯ ಫಲ.

ಕಾರ್ಮಿಕರ ಕುಡಿಯುವ ನೀರನ್ನು ಐಎಸ್ 10500 ಎಂಬ ಭಾರತೀಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ, ನೈಟ್ರೇಟಿಗೆ 45, ಅದರಲ್ಲಿ ರಿಯಾಯಿತಿ ಇಲ್ಲ. ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ‘ನೀರು ಚೆನ್ನಾಗಿದೆ’ ಎನ್ನುವುದು ಸಾಲದು. ಅದು ಬ್ಯಾಕ್ಟೀರಿಯಾ ತೋರಿಸುವುದಿಲ್ಲ. ಗುತ್ತಿಗೆ ಕಾರ್ಮಿಕರೂ ಸೆಕ್ಯುರಿಟಿಯವರೂ ಎಲ್ಲಿ ನೀರು ಕುಡಿಯುತ್ತಾರೆ, ಯಾವ ಶೌಚಾಲಯ ಬಳಸುತ್ತಾರೆ ಎಂಬುದನ್ನೂ ಸೇರಿಸಿ.

ಕಾಫಿ, ಭತ್ತ, ಅಪಾರ್ಟ್‌ಮೆಂಟ್

ಕಾಫಿಯಲ್ಲಿ ನೀರಿನ ಪ್ರಶ್ನೆ ಎರಡು ಕಡೆ ಬರುತ್ತದೆ. ಒಂದು ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಹಣ್ಣು ಸುಲಿದು ತೊಳೆದು ಪಾರ್ಚ್‌ಮೆಂಟ್ ಕಾಫಿ ಮಾಡುವಾಗ ಬರುವ ಸಿಹಿ ಅಂಟಿನ ನೀರು ಹುಳಿಯಾಗಿ ಪಿಎಚ್ ನಾಲ್ಕರ ಹತ್ತಿರಕ್ಕಿಳಿಯುತ್ತದೆ, ಹಳ್ಳಕ್ಕೆ ಬಿಟ್ಟರೆ ಆಮ್ಲಜನಕ ತಿಂದು ಮೀನು ಸಾಯಿಸುತ್ತದೆ. ರೇನ್‌ಫಾರೆಸ್ಟ್ ಅಲೈಯನ್ಸ್ ಆಡಿಟ್‌ನಲ್ಲಿ ಇದು ಕಟ್ಟುನಿಟ್ಟು. ಪಲ್ಪಿಂಗ್ ನೀರನ್ನು ಸೋಸಿ ಅದೇ ದಿನ ಮತ್ತೆ ಬಳಸಿ, ಸಿಪ್ಪೆಯನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕಿ, ಉಳಿದ ನೀರಿಗೆ ಸುಣ್ಣ ಹಾಕಿ ಪಿಎಚ್ ಏಳರ ಹತ್ತಿರಕ್ಕೆ ತಂದ ಮೇಲೇ ಸಂಸ್ಕರಣಾ ಹೊಂಡಕ್ಕೆ ಬಿಡಿ. ಹುಳಿ ನೀರನ್ನು ನೇರ ಬಿಟ್ಟರೆ ಹೊಂಡದ ಸೂಕ್ಷ್ಮಜೀವಿಗಳು ಸಾಯುತ್ತವೆ, ಆಮೇಲೆ ಇಡೀ ಸೀಸನ್ ವಾಸನೆ.

ಇನ್ನೊಂದು ರೊಬಸ್ಟಾ ಕಾಫಿ ಹೂ ಬಿಡಲೆಂದು ಕೊಡುವ ನೀರು. ಫೆಬ್ರವರಿ, ಮಾರ್ಚಿನಲ್ಲಿ ಒಂದು ಎಕರೆಗೆ ಒಂದು ಇಂಚು ಸ್ಪ್ರಿಂಕ್ಲರ್ ಮಾಡಿದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ಬೇಕು. ಒಂದೇ ಹೊಳೆಗೆ ಎಲ್ಲ ತೋಟದವರೂ ಅದೇ ವಾರ ಪಂಪು ಇಳಿಸಿದರೆ ಕೆಳಗಿನವರಿಗೆ ಕುಡಿಯಲೂ ಇಲ್ಲ. ಇಲ್ಲಿ ಮಾನದಂಡ ಬಯಸುವ ‘ಸಾಮೂಹಿಕ ಕ್ರಮ’ ಎಂದರೆ ಮೇಲಿನ ತೋಟ, ಕೆಳಗಿನ ತೋಟ ಕೂತು ಪಂಪಿನ ಸರದಿ ಬರೆದು ಸಹಿ ಹಾಕುವುದು. ಒಂದು ಪುಟದ ಆ ಕಾಗದಕ್ಕೆ ಆಡಿಟ್‌ನಲ್ಲಿ ಹತ್ತು ಪೋಸ್ಟರಿಗಿಂತ ಹೆಚ್ಚು ಬೆಲೆ.

ಭತ್ತದಲ್ಲಿ ನೀರು ಕಟ್ಟಿ ಒಣಗಿಸುವ ಪದ್ಧತಿಗೆ ಬೇಕಾಗುವುದು 30 ಸೆಂಟಿಮೀಟರ್ ಉದ್ದದ, ಒಂದು ಅಂಗೈ ಅಗಲದ ಪಿವಿಸಿ ಪೈಪಿನ ತುಂಡು. ಕೆಳಗಿನ 20 ಸೆಂಟಿಮೀಟರಿಗೆ ಸುತ್ತಲೂ ತೂತು ಹಾಕಿ, ಆ ಭಾಗವನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರ ಕಳೆದ ಮೇಲೆ ನೀರು ತಾನಾಗಿ ಇಳಿಯಲು ಬಿಡಿ. ಪೈಪಿನೊಳಗೆ ಮಟ್ಟ ಗದ್ದೆಯ ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗೆ ಹೋದಾಗ ಮತ್ತೆ 5 ಸೆಂಟಿಮೀಟರ್ ನಿಲ್ಲುವಷ್ಟು ಕಟ್ಟಿ. ತೆನೆ ಹೂವಾಡುವ ವಾರದ ಹಿಂದೆ ಮುಂದೆ ಮಾತ್ರ ಒಣಗಿಸಬೇಡಿ, ಜೊಳ್ಳಾಗುತ್ತದೆ. ಕಳೆ ಹೆಚ್ಚಿದರೆ ಮೊದಲ ಒಣಗಿಸುವಿಕೆಯನ್ನು ಎರಡು ಮೂರು ವಾರ ಮುಂದೂಡಿ. ಪೈಪನ್ನು ಬದುವಿನ ಹತ್ತಿರ, ಆದರೆ ಗದ್ದೆಯ ಸರಾಸರಿ ಮಟ್ಟದ ಜಾಗದಲ್ಲಿ ಇಡಿ. ತಗ್ಗಿನಲ್ಲಿ ಇಟ್ಟರೆ ಉಳಿದ ಗದ್ದೆ ಬಿರುಕು ಬಿಟ್ಟರೂ ಪೈಪಿನಲ್ಲಿ ನೀರು ಕಾಣುತ್ತಿರುತ್ತದೆ.

ಅಪಾರ್ಟ್‌ಮೆಂಟಿಗೆ ಪ್ರಮಾಣಪತ್ರಕ್ಕಿಂತ ಮನೆಮನೆಗೆ ಮೀಟರ್ ಮುಖ್ಯ. ಒಂದು ಮನೆಗೆ ನಾಲ್ಕೈದು ಒಳಪೈಪು ಇರುವ ಕಟ್ಟಡದಲ್ಲಿ ಅಷ್ಟಕ್ಕೂ ಮೀಟರ್ ಬೇಕಾಗುತ್ತದೆ, ಖರ್ಚಿನ ಅಂದಾಜು ಇಲ್ಲೇ ತಪ್ಪುವುದು. ತಲೆಗೆ ದಿನಕ್ಕೆ 135 ಲೀಟರನ್ನು ಅಳತೆಗೋಲಾಗಿಟ್ಟುಕೊಂಡು ಹೋಲಿಸಿ. 2024ರ ಬೇಸಿಗೆಯ ನಂತರ ಬೆಂಗಳೂರಿನಲ್ಲಿ ನಲ್ಲಿಯ ಬಾಯಿಗೆ ಹಾಕಿ ಹರಿವು ತಗ್ಗಿಸುವ ಏರೇಟರ್ ಮನೆಮಾತಾಗಿದೆ. ಹಾಕಿಸಿದ ಮೇಲೆ ಬಕೆಟ್ ಇಟ್ಟು ಒಂದು ನಿಮಿಷ ಹಿಡಿದು ಅಳೆಯಿರಿ, ಮತ್ತು ಗಡಸು ನೀರಿದ್ದರೆ ಆಗಾಗ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿ. ಇಲ್ಲದಿದ್ದರೆ ಜಾಲರಿ ಕಟ್ಟಿಕೊಂಡು ಜನ ಕಿತ್ತೆಸೆಯುತ್ತಾರೆ.

ಹೇಳಿಕೊಳ್ಳುವಾಗ ಮತ್ತು ಆಡಿಟ್ ದಿನ

ವರ್ಷಕ್ಕೊಮ್ಮೆ ಎತ್ತಿದ ಒಟ್ಟು ನೀರು, ಹೊರಬಿಟ್ಟದ್ದು, ಗುರಿ ಮುಟ್ಟಿದ್ದು, ತಪ್ಪಿದ್ದು, ಕಾನೂನು ಉಲ್ಲಂಘನೆ ಆಗಿದ್ದರೆ ಅದು, ಎಲ್ಲವನ್ನೂ ಪ್ರಕಟಿಸಬೇಕು. ಕನ್ನಡದಲ್ಲೂ ಒಂದು ಪುಟ ಮಾಡಿ ಪಂಚಾಯಿತಿ ಕಚೇರಿಗೆ ಕೊಡಿ. ‘ನಾವು ಬಳಸುವುದಕ್ಕಿಂತ ಹೆಚ್ಚು ನೀರು ಭೂಮಿಗೆ ಕೊಡುತ್ತೇವೆ’ ಎಂಬ ಮಾತನ್ನು ಎಚ್ಚರದಿಂದ ಬಳಸಿ. ಎತ್ತಿದ್ದು ಈ ಜಲಾನಯನದ ಆಳದಿಂದ ಏಪ್ರಿಲಿನಲ್ಲಿ, ಇಂಗಿಸಿದ್ದು ಇನ್ನೊಂದು ತಾಲ್ಲೂಕಿನ ಕೆರೆಯಲ್ಲಿ ಅಕ್ಟೋಬರಿನಲ್ಲಿ ಆದರೆ ಎರಡನ್ನೂ ಕಳೆದು ಕೂಡಿಸುವಂತಿಲ್ಲ. ಕೋಲಾರದ ಕಡೆಯವರಿಗೆ ಇನ್ನೂ ಒಂದು ಎಚ್ಚರ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಕೆರೆಗಳಿಗೆ ಬರುತ್ತಿದೆ. ನಿಮ್ಮ ಬೋರ್‌ವೆಲ್ ಮಟ್ಟ ಏರಿದ್ದು ನಿಮ್ಮ ಇಂಗುಗುಂಡಿಯಿಂದಲೇ ಎಂದು ಬರೆದರೆ ಆಡಿಟರ್ ಮೊದಲು ಕೇಳುವುದೇ ಅದನ್ನು. ಆ ಕೆರೆಗಳಿಂದ ದೂರವಿರುವ, ನಿಮ್ಮ ಗುಂಡಿಯಿಂದಲೂ ದೂರವಿರುವ ಎರಡು ಬಾವಿಗಳ ಮಟ್ಟವನ್ನು ಜೊತೆಗೇ ಅಳೆದಿಟ್ಟುಕೊಂಡಿದ್ದರೆ ಉತ್ತರ ಕೈಯಲ್ಲಿರುತ್ತದೆ.

ಆಡಿಟ್ ದಿನ ಆಡಿಟರ್ ಕಡತ ಬಿಟ್ಟು ಸೀದಾ ಪಂಪ್‌ಹೌಸಿಗೆ ಹೋಗಬಹುದು. ಮೀಟರಿನ ಅಂಕಿ ಬರೆದುಕೊಂಡು, ಆಮೇಲೆ ನಿಮ್ಮ ಲಾಗ್‌ಬುಕ್ ತೆಗೆಸುತ್ತಾರೆ. ಮೂವತ್ತು ದಿನದ ಅಂಕಿ ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ, ಭಾನುವಾರವೂ ಬಿಡದೆ ಬರೆದಿದ್ದರೆ ಅನುಮಾನ ಶುರು. ಪಂಪ್ ಆಪರೇಟರಿಗೆ, ‘ಎಸ್‌ಟಿಪಿ ಕೆಟ್ಟರೆ ಏನು ಮಾಡ್ತೀರಿ?’ ಎಂಬ ಪ್ರಶ್ನೆ ಬರುತ್ತದೆ. ಮ್ಯಾನೇಜರ್ ಪಕ್ಕದಿಂದ ಉತ್ತರ ಕೊಡಬಾರದು. ಮೀಟರುಗಳ ಕ್ಯಾಲಿಬ್ರೇಷನ್ ಪತ್ರ, ಹೊರಗಿನ ಪ್ರಯೋಗಾಲಯದ ವರದಿ, ಟ್ಯಾಂಕರ್ ರಸೀದಿ, ಕೆಸರು ಸಾಗಿಸಿದ ದಾಖಲೆ, ಸಭೆಗಳ ನಡಾವಳಿ ಒಂದೇ ಕಡೆ ಇರಲಿ. ಎಡಬ್ಲ್ಯುಎಸ್ ಪ್ರಮಾಣಪತ್ರದ ಅವಧಿ ಮೂರು ವರ್ಷ, ನಡುವೆ ಪ್ರತಿವರ್ಷ ಪರಿಶೀಲನೆ. ಮೂಲ ಸೂಚಕಗಳೆಲ್ಲ ಪೂರೈಸಿದರೆ ಕೋರ್, ಮೇಲಿನ ಅಂಕ ಗಳಿಸಿದರೆ ಗೋಲ್ಡ್, ಪ್ಲಾಟಿನಂ. ಮೊದಲ ಸಲವೇ ಪ್ಲಾಟಿನಂ ಬೇಕೆಂದು ಹಟ ಹಿಡಿಯಬೇಡಿ. ಕೋರ್ ದರ್ಜೆಯನ್ನು ಗಟ್ಟಿಯಾಗಿ ಹಿಡಿದು, ಮುಂದಿನ ಸುತ್ತಿಗೆ ಊರಿನ ಜೊತೆಗಿನ ಕೆಲಸದಿಂದ ಅಂಕ ಸೇರಿಸುವುದು ಕಡಿಮೆ ಖರ್ಚಿನ ದಾರಿ. ಲೋಪ ಬರೆದು ಕೊಟ್ಟರೆ ‘ಸಿಬ್ಬಂದಿಗೆ ತಿಳುವಳಿಕೆ ನೀಡಲಾಗಿದೆ’ ಎಂದು ಮುಗಿಸಬೇಡಿ. ಯಾಕಾಯಿತು, ಮತ್ತೆ ಆಗದಂತೆ ಯಾವ ವಾಲ್ವ್, ಯಾವ ಅಲಾರಂ, ಯಾವ ಪಾಳಿಯ ಕೆಲಸ ಬದಲಾಯಿತು ಎಂದು ಬರೆದು ಫೋಟೋ ಸಮೇತ ಕಳಿಸಿ.